ಬಿಸಿ ಎಲ್ಲಾ ಅಲ್ಲೇ ಮುಗಿದಿರುತ್ತೆ

ಹೋದ ವರ್ಷ ದೀಪಾವಳಿಗೆ ಇನ್ನೂ ಹದಿನೈದು ದಿನ ಇರುವಾಗ ಊರಿನ ಮನೆಗೆ ಸುಣ್ಣ ಹೊಡೆಸೋಣ ಎಂದು ಹೋಗಿದ್ದೆ. ತಿಪಟೂರಿನಿಂದ ಇನ್ನೂ ಒಳಗೆ ಹೋಗಬೇಕಾದ ಸಣ್ಣ ಊರು ನಮ್ಮದು. ಮನೆ ತಾತನ ಅಪ್ಪ ಕಟ್ಟಿಸಿದ್ದು. ಮುಂದಿನ ಪಡಸಾಲೆಗೆ ಅಣ್ಣ ಪೇಂಟ್ ಮಾಡಿಸಿದ್ದಾನೆ. ಹಿಂದಿನ ಕಲ್ಲುಗೋಡೆಗೆ ಮಾತ್ರ ಪೇಂಟ್ ನಿಲ್ಲುವುದಿಲ್ಲ. ತೇವಕ್ಕೆ ಹಪ್ಪಳದ ಹಾಗೆ ಉಬ್ಬಿ ಉದುರುತ್ತದೆ. ಅದಕ್ಕೆ ಸುಣ್ಣವೇ ಸರಿ ಎಂದು ಮೇಸ್ತ್ರಿ ಹೇಳಿದ್ದರು. ಅವರು ಪ್ಲಾಸ್ಟಿಕ್ ಚೀಲದಿಂದ ಬಿಳಿ ಪುಡಿ ಸುರಿದು, ಬಕೆಟ್ಟಿನಲ್ಲಿ ನೀರು ಹಾಕಿ ಕಲಸುತ್ತಿದ್ದರು. ನಾನು ಹೋಗಿ ಬಕೆಟ್ಟಿನ ಹೊರಮೈ ಮುಟ್ಟಿದೆ. ತಣ್ಣಗಿತ್ತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಮುಟ್ಟಿದೆ. ಆಗಲೂ ತಣ್ಣಗೇ ಇತ್ತು.

"ಯಾಕಕ್ಕ, ಸುಣ್ಣ ಸರಿಯಿಲ್ವಾ?" ಎಂದರು ಮೇಸ್ತ್ರಿ. ಬಿಸಿಯೇ ಆಗಲಿಲ್ಲವಲ್ಲ ಎಂದೆ. "ಇದು ಪೌಡರ್ ಸುಣ್ಣ ಅಕ್ಕ. ಫ್ಯಾಕ್ಟ್ರೀಲೇ ಅರಳಿಸಿ ಕಳಿಸ್ತಾರೆ. ಬಿಸಿ ಎಲ್ಲಾ ಅಲ್ಲೇ ಮುಗಿದಿರುತ್ತೆ."

ಅವರು ತಮ್ಮ ಪಾಡಿಗೆ ಕಲಸುತ್ತಾ ಹೋದರು. ನನಗೆ ಆ ಮಾತು ಬೆಂಗಳೂರಿಗೆ ವಾಪಸ್ಸು ಬರುವ ತನಕ ಬಿಡಲಿಲ್ಲ. ಬಿಸಿ ಮುಗಿಯುತ್ತದೆ ಅಂದರೆ ಅದು ಎಷ್ಟು ಅಂತ ಲೆಕ್ಕ ಇರಬೇಕು ಅಲ್ವಾ? ಎಲ್ಲೋ ಶುರುವಾಗಿರಬೇಕು, ಎಲ್ಲೋ ಖಾಲಿಯಾಗಬೇಕು. ಇದೇ ಪ್ರಶ್ನೆಯನ್ನು ನಾನು ಎಂಟು ವರ್ಷದವಳಿದ್ದಾಗ ಅಜ್ಜಿಗೆ ಕೇಳಿದ್ದೆ. ಅಜ್ಜಿ ಒಂದು ಉತ್ತರ ಕೊಟ್ಟಿದ್ದರು. ಆಮೇಲೆ ಹೈಸ್ಕೂಲಿನಲ್ಲಿ ಇನ್ನೊಂದು ಉತ್ತರ ಸಿಕ್ಕಿತು. ಎರಡೂ ಒಂದಕ್ಕೊಂದು ಹೊಂದಲಿಲ್ಲ. ನಾನು ಅವೆರಡನ್ನೂ ಹಾಗೇ ಇಟ್ಟುಕೊಂಡು ಇಷ್ಟು ವರ್ಷ ಕಳೆದಿದ್ದೆ.

ಹಿತ್ತಲ ಬಾನಿ

ಆಗ ಸುಣ್ಣ ಅಂದರೆ ಪುಡಿ ಅಲ್ಲ, ಕಲ್ಲು. ಗೂಡಿನಲ್ಲಿ ಸುಟ್ಟ ಕಲ್ಲನ್ನು ಸಂತೆಯಿಂದ ತರುತ್ತಿದ್ದರು. ನೋಡಲು ಮಾಮೂಲಿ ಬಿಳಿ ಕಲ್ಲಿನ ಹಾಗೇ ಇರುತ್ತಿತ್ತು, ಕೈಗೆ ತೆಗೆದುಕೊಂಡರೆ ಮಾತ್ರ ಅದರ ಗಾತ್ರಕ್ಕೆ ತಕ್ಕ ಭಾರ ಇರುತ್ತಿರಲಿಲ್ಲ. ಒದ್ದೆ ಕೈಯಲ್ಲಿ ಮುಟ್ಟಬಾರದು ಎಂದು ಕಟ್ಟಪ್ಪಣೆ. ಹಿತ್ತಲಲ್ಲಿ ನುಗ್ಗೆಮರದ ಪಕ್ಕ ಒಂದು ಹಳೇ ಮಣ್ಣಿನ ಬಾನಿಯನ್ನು ಅರ್ಧ ನೆಲದಲ್ಲಿ ಹೂತಿಟ್ಟಿದ್ದರು. ಅದು ಸುಣ್ಣಕ್ಕೇ ಮೀಸಲು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಯಾರೂ ಸುಣ್ಣ ಅರಳಿಸುತ್ತಿರಲಿಲ್ಲ. ಸುಣ್ಣ ಪಾತ್ರೆಯನ್ನೇ ತಿಂದು ತೂತು ಮಾಡುತ್ತದೆ ಎಂದು ಅಜ್ಜಿಗೆ ಗೊತ್ತಿತ್ತು.

ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊದಲು ಬಾನಿಗೆ ನೀರು ತುಂಬುತ್ತಿದ್ದರು. ನಾವು ಮಕ್ಕಳು ಹತ್ತು ಹೆಜ್ಜೆ ದೂರದ ಕಟ್ಟೆ ಮೇಲೆ ಕೂರಬೇಕು. ಆಮೇಲೆ ಮೊರದಿಂದ ಒಂದೊಂದೇ ಕಲ್ಲನ್ನು ನೀರಿಗೆ ಜಾರಿಸುತ್ತಿದ್ದರು. ಮೊದಲ ಕಲ್ಲು ಮುಳುಗಿದಾಗ ಏನೂ ಆಗುವುದಿಲ್ಲ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಕಲ್ಲು ನೀರು ಕುಡಿಯುತ್ತಿದೆ ಅನ್ನಿಸುತ್ತದೆ. ಒಂದೆರಡು ನಿಮಿಷ ಸುಮ್ನೆ ಇರುತ್ತದೆ. ನಾವು ಉಸಿರು ಬಿಗಿ ಹಿಡಿದು ಕಾಯುತ್ತಿದ್ದದ್ದು ಆ ಒಂದೆರಡು ನಿಮಿಷಕ್ಕೇ. ಆಮೇಲೆ ಒಳಗಿನಿಂದ ಪಟ್ ಎಂದು ಒಂದು ಸದ್ದು. ಕಲ್ಲಿನ ಮೇಲೆ ಗೆರೆ ಬೀಳುತ್ತದೆ. ಗೆರೆ ಬಾಯಿಬಿಟ್ಟು, ಕಲ್ಲು ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ನೀರಲ್ಲಿ ಹಬೆ ಏಳುತ್ತದೆ. ಎರಡನೇ ಕಲ್ಲು, ಮೂರನೇ ಕಲ್ಲು ಬಿದ್ದ ಮೇಲೆ ಇಡೀ ಬಾನಿ ಕೊತಕೊತ ಕುದಿಯುತ್ತದೆ. ಅನ್ನದ ಗಂಜಿ ಉಕ್ಕಿದ ಹಾಗೆ ಬಿಳಿ ತಿಳಿ ಬಾನಿಯ ಅಂಚಿನ ತನಕ ಬರುತ್ತದೆ. ಅಜ್ಜಿ ಉದ್ದನೆಯ ಕೋಲಿನಲ್ಲಿ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ತಿರುವುತ್ತಿದ್ದರು.

ನಮ್ಮ ಭಾಷೆಯಲ್ಲಿ ಇದಕ್ಕೆ ಅರಳುವುದು ಎಂದೇ ಹೇಳುತ್ತೇವೆ. ಹೂವೂ ಅರಳುತ್ತದೆ, ಭತ್ತ ಹುರಿದರೆ ಅರಳು ಆಗುತ್ತದೆ, ಸುಣ್ಣವೂ ಅರಳುತ್ತದೆ. ಈ ಕೆಲಸಕ್ಕೆ ಇದಕ್ಕಿಂತ ಸರಿಯಾದ ಮಾತು ನನಗೆ ಎಲ್ಲೂ ಸಿಕ್ಕಿಲ್ಲ. ಕಣ್ಣಿಟ್ಟು ನೋಡಿದವರು ಇಟ್ಟ ಹೆಸರು ಅದು.

ನಮ್ಮನ್ನು ದೂರ ಕೂರಿಸುತ್ತಿದ್ದದ್ದು ಕಣ್ಣಿಗಾಗಿ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬ ಗಾದೆಯನ್ನು ನಾವು ಈಗ ಅಕ್ಕತಂಗಿಯರ ನಡುವಿನ ಭೇದಭಾವಕ್ಕೆ ಸಲೀಸಾಗಿ ಬಳಸುತ್ತೇವೆ. ಆ ಗಾದೆಯ ಒಳಗೆ ನಿಜವಾದ ನೋವಿದೆ. ಸುಣ್ಣ ಕಣ್ಣಿಗೆ ಹಾರಿದರೆ ಬಿಸಿಯಿಂದಷ್ಟೇ ಅಲ್ಲ, ಅದರ ಕ್ಷಾರದಿಂದ ಕಣ್ಣಿನ ಪೊರೆ ಸುಟ್ಟು ದೃಷ್ಟಿಯೇ ಹೋಗಬಹುದು. ಎಲೆಅಡಿಕೆ, ತಂಬಾಕಿನ ಜೊತೆ ಕೊಡುವ ಸಣ್ಣ ಸುಣ್ಣದ ಪ್ಯಾಕೆಟ್ ಇದೆಯಲ್ಲ, ಮಕ್ಕಳು ಅದನ್ನು ಹಿಸುಕಿ ಆಡುವಾಗ ಒಡೆದು ಕಣ್ಣಿಗೆ ಸಿಡಿಯುತ್ತದೆ. ಹಾಗೇನಾದರೂ ಆದರೆ ಕಣ್ಣು ಉಜ್ಜದೆ, ತಕ್ಷಣ ಶುದ್ಧ ನೀರಿನಿಂದ ಹದಿನೈದು ಇಪ್ಪತ್ತು ನಿಮಿಷ ತೊಳೆಯುತ್ತಲೇ ಇದ್ದು, ನೇರ ಕಣ್ಣಿನ ಆಸ್ಪತ್ರೆಗೆ ಓಡಬೇಕು. ಸುಣ್ಣದ ಬಗ್ಗೆ ಬರೆಯುತ್ತಾ ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.

ಬಾನಿ ಕುದಿಯುವುದನ್ನು ನೋಡಿ ನಾನು ಕೇಳಿದೆ: "ಅಜ್ಜಿ, ಒಲೆನೇ ಇಲ್ವಲ್ಲ, ನೀರು ಹೆಂಗೆ ಕುದೀತಿದೆ?" ಅಜ್ಜಿ ಕೋಲು ನಿಲ್ಲಿಸದೆ ಹೇಳಿದರು: "ಗೂಡಿನ ಬೆಂಕಿ ಕಲ್ಲೊಳಗೆ ಕೂತಿರ್ತದೆ ಕಣವ್ವ. ನೀರು ಸೋಕಿದ್ರೆ ಎದ್ದು ಬರ್ತದೆ."

ಒಂದು ಆಷಾಢದಲ್ಲಿ ಅಜ್ಜಿಯ ಮಾತಿಗೆ ಸಾಕ್ಷಿಯೂ ಸಿಕ್ಕಿತ್ತು. ಚಿಕ್ಕಪ್ಪ ತಂದ ಸುಣ್ಣದ ಕಲ್ಲಿನ ಚೀಲವನ್ನು ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟಿದ್ದರು. ರಾತ್ರಿ ಹೆಂಚು ಸೋರಿದೆ. ಬೆಳಗಿನ ಜಾವ ಗೋಣಿ ಸುಟ್ಟ ವಾಸನೆ. ಹೋಗಿ ನೋಡಿದರೆ ಚೀಲದ ಒಂದು ಮಗ್ಗುಲು ಕರಕಲಾಗಿದೆ, ಪಕ್ಕದ ಹುಲ್ಲಿನಿಂದ ಸಣ್ಣಗೆ ಹೊಗೆ. ದನ ಬಿಚ್ಚಿ ಹೊರಗೆ ಕಟ್ಟಿ, ಹುಲ್ಲು ಎಳೆದುಹಾಕಿದರು. ಬಾನಿಯಲ್ಲಿ ಅಷ್ಟೊಂದು ಕಲ್ಲು ಹಾಕಿದರೂ ನೀರು ಕುದಿಯುತ್ತಿತ್ತೇ ಹೊರತು ಏನೂ ಸುಡುತ್ತಿರಲಿಲ್ಲ. ಇಲ್ಲಿ ನಾಲ್ಕು ಹನಿ ಸೋರಿಕೆಗೆ ಚೀಲವೇ ಸುಟ್ಟಿತ್ತು. ಇದರ ಕಾರಣ ಬಹಳ ದಿನದ ಮೇಲೆ ತಿಳಿಯಿತು. 1 ಕೆಜಿ ಸುಟ್ಟ ಸುಣ್ಣ ಅರಳುವಾಗ ಸುಮಾರು 1,160 ಕಿಲೋಜೌಲ್ ಶಾಖ ಬಿಡುತ್ತದೆ. ಮೂರೂವರೆ ಲೀಟರ್ ತಣ್ಣೀರನ್ನು ಕುದಿಯುವ ತನಕ ತರುವಷ್ಟು ಶಾಖ ಅದು. ನೀರು ಜಾಸ್ತಿ ಇದ್ದರೆ ಶಾಖವೆಲ್ಲ ಆ ನೀರಿಗೆ ಹಂಚಿಹೋಗುತ್ತದೆ. ಎಷ್ಟೇ ಆದರೂ ನೀರು 100 ಡಿಗ್ರಿ ದಾಟುವುದಿಲ್ಲ, ಹಬೆಯಾಗಿ ಹೋಗುತ್ತದೆ. ನೀರು ಕಡಿಮೆ ಇದ್ದರೆ ಹಂಚಿಕೊಳ್ಳಲು ಯಾರೂ ಇಲ್ಲ. ಅರಳುವುದಕ್ಕೆ ಮಾತ್ರ ಸಾಲುವ ನೀರು ಅಂದರೆ ಕೆಜಿಗೆ ಬರೀ 320 ಗ್ರಾಂ. ಅಷ್ಟೂ ಶಾಖ ಆ ಕಲ್ಲಿನಲ್ಲೇ ಉಳಿದು, ಗೋಣಿ ಹತ್ತಿಕೊಳ್ಳುವಷ್ಟು ಕಾಯುತ್ತದೆ. ಶಾಖ ಎಷ್ಟು ಹುಟ್ಟಿತು ಎನ್ನುವುದು ಒಂದು ಪ್ರಶ್ನೆ, ಅದು ಎಷ್ಟು ಜನರ ಪಾಲಾಯಿತು ಎನ್ನುವುದು ಇನ್ನೊಂದು. ಬಾನಿಗೆ ಮೊದಲು ನೀರು, ಆಮೇಲೆ ಕಲ್ಲು ಎಂಬ ಅಜ್ಜಿಯ ಕ್ರಮದ ಒಳಗೆ ಇದೇ ಇತ್ತು.

ಬೆಂಕಿ ಒಳಗೆ ಕೂತಿತ್ತೇ?

ಹತ್ತನೇ ಕ್ಲಾಸಿನಲ್ಲಿ ಮೇಷ್ಟ್ರು ಬೀಕರಿನಲ್ಲಿ ಸುಟ್ಟ ಸುಣ್ಣಕ್ಕೆ ನೀರು ಹಾಕಿ, ಎಲ್ಲರ ಕೈಗೂ ಕೊಟ್ಟು ಮುಟ್ಟಿಸಿದರು. ಬಿಸಿಯಾಗಿತ್ತು. ಇದು ಬಹಿರುಷ್ಣಕ ಕ್ರಿಯೆ, ಬರೆದುಕೊಳ್ಳಿ ಎಂದರು. ನಾನು ಅಜ್ಜಿಯ ಮಾತು ಹೇಳಿದೆ. ಬೆಂಕಿಗಿಂಕಿ ಏನೂ ಒಳಗೆ ಕೂರಲ್ಲ, ಇದು ರಾಸಾಯನಿಕ ಕ್ರಿಯೆ ಅಷ್ಟೇ ಎಂದರು. ಅವರು ಹೇಳಿದ್ದು ತಪ್ಪಲ್ಲ. ಆದರೆ ಬಿಸಿ ಯಾಕೆ ಬಂತು ಎಂದು ಕೇಳಿದರೆ ಬಿಸಿ ಬರುವ ಕ್ರಿಯೆ ಎಂದು ಹೆಸರು ಹೇಳಿದ ಹಾಗಾಯಿತು. ಈಗ ನನ್ನ ಮಗಳ ಪುಸ್ತಕದಲ್ಲೂ ಅದೇ ಪ್ರಯೋಗ, ಅದೇ ಹೆಸರು ಇದೆ. ಅವಳೂ ಕಂಠಪಾಠ ಮಾಡಿದ್ದಾಳೆ.

ಅಜ್ಜಿಯ ಹಾಗೇ ಯೋಚಿಸಿದವರು ಯೂರೋಪಿನ ವಿಶ್ವವಿದ್ಯಾಲಯಗಳಲ್ಲೂ ಇದ್ದರು ಎಂದು ತಿಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. 1750ರ ಸುಮಾರಿಗೆ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಸುಣ್ಣದ ತಿಳಿನೀರು ದೊಡ್ಡ ಚರ್ಚೆಯ ವಿಷಯ. ಮೂತ್ರಕೋಶದ ಕಲ್ಲನ್ನು ಅದು ಕರಗಿಸುತ್ತದೆ ಎಂಬ ನಂಬಿಕೆ ಇತ್ತು. ಚಿಪ್ಪು ಸುಟ್ಟ ಸುಣ್ಣ ಒಳ್ಳೆಯದೋ, ಕಲ್ಲು ಸುಟ್ಟ ಸುಣ್ಣ ಒಳ್ಳೆಯದೋ ಎಂದು ಇಬ್ಬರು ಪ್ರೊಫೆಸರುಗಳು ವಾದಕ್ಕೆ ಬಿದ್ದಿದ್ದರು. ಸುಣ್ಣಕ್ಕೆ ಆ ಸುಡುವ ಗುಣ ಬಂದದ್ದು ಗೂಡಿನ ಬೆಂಕಿಯಿಂದ, ಬೆಂಕಿಯ ಅಂಶ ಕಲ್ಲಿನೊಳಗೆ ಸೇರಿಕೊಳ್ಳುತ್ತದೆ ಎನ್ನುವುದು ಆಗ ಬಹಳ ಜನ ಒಪ್ಪಿದ್ದ ಮಾತು.

ಇದನ್ನು ಪರೀಕ್ಷೆಗೆ ಒಡ್ಡಿದವನು ಜೋಸೆಫ್ ಬ್ಲಾಕ್. ಅವನಿಗೆ ಆಗ ಮೂವತ್ತೂ ತುಂಬಿರಲಿಲ್ಲ, ವೈದ್ಯಕೀಯ ಓದಿದವನು. ಅವನು ಮಾಡಿದ್ದು ಬಹಳ ಸರಳ ಕೆಲಸ: ತಕ್ಕಡಿಯಲ್ಲಿ ತೂಗಿದ. ಬೆಂಕಿ ಕಲ್ಲಿನೊಳಗೆ ಸೇರಿದ್ದರೆ ಕಲ್ಲಿಗೆ ಏನೋ ಒಂದು ಕೂಡಿರಬೇಕು. ಆದರೆ ಸುಟ್ಟ ಮೇಲೆ ಕಲ್ಲು ಹಗುರವಾಗಿತ್ತು. ಅದೂ ಸ್ವಲ್ಪ ಅಲ್ಲ, 100 ಗ್ರಾಂ ಶುದ್ಧ ಸುಣ್ಣಕಲ್ಲು ಪೂರ್ತಿ ಸುಟ್ಟರೆ ಉಳಿಯುವುದು 56 ಗ್ರಾಂ. ಸಂತೆಯ ಕಲ್ಲು ಕೈಗೆ ಹಗುರ ಅನ್ನಿಸುತ್ತಿದ್ದದ್ದು ಇದಕ್ಕೇ. ಹೋದದ್ದು ಏನು ಎಂದು ಬೆನ್ನು ಹತ್ತಿದಾಗ ಸಿಕ್ಕಿದ್ದು ಒಂದು ಗಾಳಿ. ಅದು ಕಲ್ಲಿನಲ್ಲಿ ಕಟ್ಟಿಬಿದ್ದಿತ್ತು ಎಂದು ಅದಕ್ಕೆ ಫಿಕ್ಸ್ಡ್ ಏರ್ ಎಂದು ಕರೆದ. ನಾವು ಈಗ ಇಂಗಾಲದ ಡೈಆಕ್ಸೈಡ್ ಎನ್ನುತ್ತೇವೆ. ಆ ಗಾಳಿಯನ್ನು ಸುಣ್ಣಕ್ಕೆ ವಾಪಸ್ಸು ಸೇರಿಸಿದರೆ ಮೊದಲಿನ ತೂಕ, ಮೊದಲಿನ ಸಪ್ಪೆ ಕಲ್ಲು. ಈ ಕೆಲಸ ಅಚ್ಚಾದದ್ದು 1756ರಲ್ಲಿ.

ಅಂದರೆ ಗೂಡಿನಲ್ಲಿ ಕಲ್ಲಿಗೆ ಬೆಂಕಿ ಸೇರಲಿಲ್ಲ. ಕಲ್ಲಿನಿಂದ ಗಾಳಿ ಹೊರಟುಹೋಯಿತು. ಹಾಗಾದರೆ ಅಜ್ಜಿ ಹೇಳಿದ್ದು ಸುಳ್ಳಾಯಿತೇ? ನಾನು ಇಲ್ಲಿಗೆ ಬಂದು ಬಹಳ ದಿನ ನಿಂತಿದ್ದೆ. ಯಾಕೆಂದರೆ ಇನ್ನೊಂದು ಪ್ರಶ್ನೆ ಹಾಗೇ ಉಳಿದಿತ್ತು. ಗೂಡಿಗೆ ಹಾಕಿದ ಅಷ್ಟೊಂದು ಸೌದೆ, ಇದ್ದಿಲು ಏನಾಯಿತು?

ಅಗಲಿಸುವುದಕ್ಕೆ ಖರ್ಚು

ಗೂಡಿನಲ್ಲಿ ಇದ್ದಿಲು ಒಂದು ಪದರ, ಕಲ್ಲು ಒಂದು ಪದರ, ಹೀಗೆ ತುಂಬಿ ಬೆಂಕಿ ಕೊಡುತ್ತಾರೆ. ಕಲ್ಲು ಕಾಯುತ್ತಾ ಕಾಯುತ್ತಾ 900 ಡಿಗ್ರಿ ಹತ್ತಿರ ಬರುತ್ತದೆ. ಅಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಬೆಂಕಿ ಉರಿಯುತ್ತಲೇ ಇರುತ್ತದೆ, ಕಲ್ಲು ಮಾತ್ರ ಇನ್ನೂ ಬಿಸಿಯಾಗಲು ಮನಸ್ಸು ಮಾಡುವುದಿಲ್ಲ. ಅಕ್ಕಿ ಎಸರು ಕುದಿಯುವಾಗ ಉರಿ ಎಷ್ಟು ಜೋರು ಮಾಡಿದರೂ ನೀರಿನ ಬಿಸಿ ಏರುವುದಿಲ್ಲವಲ್ಲ, ಹಾಗೆ. ಬರುವ ಶಾಖವೆಲ್ಲ ಕಲ್ಲಿನಿಂದ ಗಾಳಿಯನ್ನು ಬಿಡಿಸಲು ಖರ್ಚಾಗುತ್ತದೆ. 1 ಕೆಜಿ ಸುಟ್ಟ ಸುಣ್ಣ ಸಿಗಬೇಕಾದರೆ ಈ ಬಿಡಿಸುವ ಕೆಲಸಕ್ಕೇ ಸುಮಾರು 3,180 ಕಿಲೋಜೌಲ್ ಬೇಕು. ಕಲ್ಲನ್ನು ಕಾಯಿಸುವ ಖರ್ಚು, ಗೂಡಿನ ಮೈಯಿಂದ ಸೋರಿಹೋಗುವ ಶಾಖ ಎಲ್ಲ ಬೇರೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಿಕೊಳ್ಳಬೇಕು, ಯಾಕೆಂದರೆ ನಾನೂ ವರ್ಷಗಟ್ಟಲೆ ತಪ್ಪು ತಿಳಿದಿದ್ದೆ. ಅಣುಗಳ ನಡುವಿನ ಬಂಧದಲ್ಲಿ ಶಕ್ತಿ ತುಂಬಿರುತ್ತದೆ, ಬಂಧ ಒಡೆದರೆ ಶಕ್ತಿ ಹೊರಬರುತ್ತದೆ ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಪಟಾಕಿ ಒಡೆದ ಹಾಗೆ ಕಲ್ಪಿಸಿಕೊಳ್ಳಲು ಸುಲಭ, ಆದರೆ ನಿಜ ಇದರ ಉಲ್ಟಾ. ಎರಡು ಅಯಸ್ಕಾಂತ ತೆಗೆದುಕೊಳ್ಳಿ. ಅಂಟಿದ್ದನ್ನು ಬಿಡಿಸಲು ಕೈಗೆ ಶ್ರಮ. ಹತ್ತಿರ ಬಿಟ್ಟರೆ ಅವೇ ಹೋಗಿ ಟಕ್ ಎಂದು ಕೂಡುತ್ತವೆ. ಆ ಟಕ್ ಎನ್ನುವ ಸದ್ದು ಕೂಡಿಕೊಂಡಾಗ ಹೊರಬಂದದ್ದು. ಪರಮಾಣುಗಳದ್ದೂ ಇದೇ ಕಥೆ. ಬಿಡಿಸಲು ಖರ್ಚು, ಕೂಡಿದರೆ ಆದಾಯ. ಯಾವ ಕ್ರಿಯೆ ತೆಗೆದುಕೊಂಡರೂ ಎರಡೂ ಇರುತ್ತವೆ, ಮೊದಲು ಕೆಲವು ಕೈ ಬಿಡಬೇಕು, ಆಮೇಲೆ ಬೇರೆ ಕೈ ಹಿಡಿಯಬೇಕು. ಆದಾಯ ಜಾಸ್ತಿಯಾದರೆ ಉಳಿದದ್ದು ಬಿಸಿಯಾಗಿ ಬರುತ್ತದೆ. ಖರ್ಚು ಜಾಸ್ತಿಯಾದರೆ ಸುತ್ತಮುತ್ತಲಿನಿಂದ ಶಾಖ ಎಳೆದುಕೊಳ್ಳುತ್ತದೆ. ಗ್ಯಾಸ್ ಒಲೆಗೂ ಮೊದಲು ಲೈಟರಿನ ಕಿಡಿ ಬೇಕಾಗುವುದು ಇದಕ್ಕೇ, ಆ ಮೊದಲ ಕೆಲವು ಕೈ ಬಿಡಿಸಲು.

ಗೂಡಿನಿಂದ ಬಂದ ಸುಣ್ಣ ಹೀಗೆ ಜೊತೆ ಕಳೆದುಕೊಂಡು ಬಂದದ್ದು. ನೀರು ಸಿಕ್ಕಿದ ತಕ್ಷಣ ಅದು ನೀರಿನ ಕೈ ಹಿಡಿಯುತ್ತದೆ. ಬಾನಿ ಕುದಿಯುವುದು ಆಗ. ಬೆಂಕಿ ಎನ್ನುವ ವಸ್ತು ಏನೂ ಒಳಗೆ ಕೂತಿರಲಿಲ್ಲ. ಆದರೆ ಗೂಡಿನಲ್ಲಿ ಬೆಂಕಿ ಆ ಕಲ್ಲಿಗೆ ಮಾಡಿದ ಖರ್ಚು ಇತ್ತಲ್ಲ, ಅದೇ ಬಾನಿಯಲ್ಲಿ ಎದ್ದು ಬಂದದ್ದು. ಅಜ್ಜಿಯ ಮಾತಿನಲ್ಲಿ ವಸ್ತು ತಪ್ಪಿತ್ತು, ಲೆಕ್ಕ ತಪ್ಪಿರಲಿಲ್ಲ. ಬಹಿರುಷ್ಣಕ ಎಂಬ ಪದಕ್ಕಿಂತ ಅವರ ಮಾತಿನಲ್ಲಿ ಜಾಸ್ತಿ ತಿಳಿವಳಿಕೆ ಇದೆ ಎಂದು ನನಗೆ ಈಗಲೂ ಅನ್ನಿಸುತ್ತದೆ. ಬಿಸಿಗೆ ಒಂದು ಹಿಂದಿನ ಕಥೆ ಇದೆ ಎಂದಾದರೂ ಅದು ಹೇಳುತ್ತದೆ.

ಯೂರಿಯಾ ಬಕೆಟ್

ಇದರ ಎದುರು ದಿಕ್ಕಿನ ನೆನಪೂ ಒಂದಿದೆ. ಅಪ್ಪ ರಾಗಿ ಹೊಲಕ್ಕೆ ಯೂರಿಯಾ ಸಿಂಪಡಿಸುವ ದಿನ. ಮೊದಲು ಒಂದು ಬಕೆಟ್ಟಿನಲ್ಲಿ ಎರಡು ಕೆಜಿ ಯೂರಿಯಾಕ್ಕೆ ನಾಲ್ಕೈದು ಲೀಟರ್ ನೀರು ಹಾಕಿ ಗಟ್ಟಿಯಾಗಿ ಕರಗಿಸಿಕೊಂಡು, ಆಮೇಲೆ ಡ್ರಮ್ಮಿಗೆ ಸುರಿಯುತ್ತಿದ್ದರು. ಏಪ್ರಿಲ್ ಮೇ ಬಿಸಿಲಿಗೆ ಕಾದ ನೆಲ ಮುಂಗಾರು ಮಳೆ ಬಿದ್ದರೂ ಮಧ್ಯಾಹ್ನ ಹೊತ್ತಿಗೆ ಮತ್ತೆ ಕಾಯುವ ದಿನಗಳು. ತೊಟ್ಟಿಯ ನೀರೂ ಬೆಚ್ಚಗೇ ಇರುತ್ತಿತ್ತು. ಅಪ್ಪ ಕೋಲಿನಲ್ಲಿ ಕದಡುತ್ತಿದ್ದ ಹಾಗೆ ಬಕೆಟ್ಟಿನ ಹೊರಗೆ ಸಣ್ಣ ಸಣ್ಣ ಬೆವರಹನಿ ಮೂಡಿತು. ಮುಟ್ಟಿದರೆ ಹೊಸ ಮಡಕೆಯ ನೀರಿಗಿಂತ ತಣ್ಣಗೆ. ಅಪ್ಪ ಬಕೆಟ್ಟಿನ ಹೊರಮೈಗೆ ಅಂಗೈ ಒತ್ತಿ, ಕೆನ್ನೆಗೆ ಹಚ್ಚಿಕೊಂಡು "ಐಸ್ ಕ್ರೀಮ್ ಆಗ್ಬಿಡ್ತು ನೋಡೇ" ಎಂದು ನಕ್ಕಿದ್ದರು.

ಸುಣ್ಣದ ಬಾನಿ ನೋಡಿ ಬೆಳೆದ ನನಗೆ ಇದು ಇನ್ನೂ ದೊಡ್ಡ ಒಗಟಾಗಿತ್ತು. ಬಿಸಿ ಎಲ್ಲಿಂದಲೋ ಬರಬಹುದು, ಆದರೆ ತಂಪು ಎಲ್ಲಿಂದ ಬರುತ್ತದೆ? ತಂಪು ಬರುವುದಿಲ್ಲ, ಬಿಸಿ ಹೋಗುತ್ತದೆ. ಯೂರಿಯಾ ಹರಳಿನಲ್ಲಿ ಅಣುಗಳು ಸಾಲಾಗಿ ಕೈ ಹಿಡಿದು ಕೂತಿರುತ್ತವೆ. ಕರಗಬೇಕಾದರೆ ಆ ಕೈ ಬಿಡಿಸಬೇಕು. ನೀರಿನ ಕೈ ಹಿಡಿದಾಗ ಒಂದಷ್ಟು ವಾಪಸ್ಸು ಬರುತ್ತದೆ, ಆದರೆ ಸಾಲುವುದಿಲ್ಲ. ಕೊರತೆ ಬಿದ್ದದ್ದನ್ನು ನೀರಿನಿಂದ, ಬಕೆಟ್ಟಿನಿಂದ, ಅಪ್ಪನ ಅಂಗೈಯಿಂದ ಎಳೆದುಕೊಳ್ಳುತ್ತದೆ. 1 ಕೆಜಿ ಯೂರಿಯಾಕ್ಕೆ ಸುಮಾರು 250 ಕಿಲೋಜೌಲ್. ಅಷ್ಟು ಗಟ್ಟಿಯಾಗಿ ಕದಡಿದರೆ ನೀರು ಹತ್ತು ಡಿಗ್ರಿಗಿಂತ ಜಾಸ್ತಿ ಇಳಿಯಲು ಇಷ್ಟು ಸಾಕು. (ಕರಗುವುದು ರಾಸಾಯನಿಕ ಕ್ರಿಯೆಯೇ ಎಂದು ತಕರಾರು ತೆಗೆಯುವವರು ಇದ್ದಾರೆ. ಇರಲಿ. ಕೈ ಬಿಡುವ, ಕೈ ಹಿಡಿಯುವ ಲೆಕ್ಕ ಅಲ್ಲೂ ಒಂದೇ. ಮಗಳ ಪುಸ್ತಕದಲ್ಲಿ ಬೇರಿಯಂ ಹೈಡ್ರಾಕ್ಸೈಡ್, ಅಮೋನಿಯಂ ಕ್ಲೋರೈಡ್ ಬೆರೆಸುವ ಪ್ರಯೋಗ ಇದೆ. ಅದು ತಕರಾರಿಲ್ಲದ ಕ್ರಿಯೆ, ಅಲ್ಲೂ ಕೈ ತಣ್ಣಗಾಗುತ್ತದೆ.)

ನನಗೆ ಇನ್ನೂ ಕಾಡಿದ್ದು ಬೇರೆ. ನಷ್ಟ ಅಂತ ಗೊತ್ತಿದ್ದೂ ಯೂರಿಯಾ ಯಾಕೆ ಕರಗುತ್ತದೆ? ಯಾರೂ ಬೆಂಕಿ ಹಾಕಿ ಬಲವಂತ ಮಾಡಲಿಲ್ಲವಲ್ಲ. ಶಾಖ ಬಿಡುವ ಕಡೆಗೇ ಎಲ್ಲವೂ ಹರಿಯುತ್ತದೆ ಎನ್ನುವುದಾದರೆ ಇದು ನಡೆಯಲೇಬಾರದು. ಉತ್ತರ ಜಾತ್ರೆ ಮುಗಿದ ಮೈದಾನದಲ್ಲಿದೆ. ಸಾಲಾಗಿ ಕೂತ ಜನ ಎದ್ದ ಮೇಲೆ ಯಾರೂ ಹೇಳದಿದ್ದರೂ ನಾಲ್ಕೂ ಕಡೆ ಹರಡಿಕೊಳ್ಳುತ್ತಾರೆ. ಅವರೆಲ್ಲ ತಾವಾಗಿ ಮತ್ತೆ ಅದೇ ಸಾಲಿನಲ್ಲಿ ಬಂದು ಕೂರುವುದು ಆಗದ ಮಾತು. ಹರಡಿಕೊಳ್ಳಲು ಇರುವ ದಾರಿ ನೂರಾರು, ಸಾಲಾಗಿ ಕೂರಲು ಇರುವುದು ಒಂದೋ ಎರಡೋ. ಅಣುಗಳೂ ಹೀಗೇ ಹರಡಿಕೊಳ್ಳುವ ಅವಕಾಶ ಸಿಕ್ಕಿದರೆ ಸ್ವಲ್ಪ ಶಾಖದ ಸಾಲ ಮಾಡಿಯಾದರೂ ಹೊರಡುತ್ತವೆ. ಬಿಸಿ ಹೆಚ್ಚಿದಷ್ಟೂ ಈ ಸೆಳೆತದ ಕೈ ಮೇಲಾಗುತ್ತದೆ. ಸುಣ್ಣಕಲ್ಲು ಸಾವಿರಾರು ವರ್ಷ ಬೆಟ್ಟದಲ್ಲಿ ತೆಪ್ಪಗೆ ಇದ್ದದ್ದು 900 ಡಿಗ್ರಿಯಲ್ಲಿ ಗಾಳಿಯನ್ನು ಬಿಟ್ಟುಕೊಡುವುದು ಇದೇ ಕಾರಣಕ್ಕೆ. ಕಲ್ಲಿನಲ್ಲಿ ಕಟ್ಟಿಬಿದ್ದದ್ದಕ್ಕೆ ಆಕಾಶವೇ ಸಿಗುತ್ತದೆ.

ಉಳಿದ ಬಾಕಿ

ಈಗ ಲೆಕ್ಕ. ಗೂಡಿನಲ್ಲಿ ಕೆಜಿ ಸುಣ್ಣಕ್ಕೆ ಖರ್ಚಾದದ್ದು 3,180 ಕಿಲೋಜೌಲ್. ಬಾನಿಯಲ್ಲಿ ವಾಪಸ್ಸು ಬಂದದ್ದು 1,160. ಇನ್ನೂ 2,020 ಬಾಕಿ. ಇದು ಎಲ್ಲಿ ಹೋಯಿತು?

ಗೋಡೆಗೆ ಹೋಯಿತು. ಅರಳಿದ ಸುಣ್ಣವನ್ನು ಗೋಡೆಗೆ ಬಳಿದ ಮೇಲೆ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತಾ, ನೀರನ್ನು ಬಿಟ್ಟುಕೊಡುತ್ತಾ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಸುಣ್ಣ ಹೊಡೆದ ದಿನ ಮಂಕಾಗಿದ್ದ ಗೋಡೆ ಎರಡು ಮೂರು ದಿನಕ್ಕೆ ಹೊಳಪು ಪಡೆಯುವುದು, ಕೈಗೆ ಹತ್ತುವುದು ಕಡಿಮೆಯಾಗುವುದು ಹೀಗೆ. ಗೂಡಿನಲ್ಲಿ ಅಗಲಿದವರು ಗೋಡೆಯ ಮೇಲೆ ಕೂಡುತ್ತಾರೆ. ಕೂಡಿದರೆ ಶಾಖ ಬರಲೇಬೇಕು, ಬರುತ್ತದೆ. ಎಷ್ಟು? ಆ ಬಾಕಿ 2,020 ಅಷ್ಟೂ. ಒಂದು ಚೂರು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮೂರು ಮೆಟ್ಟಿಲು ಸೇರಿ ಕಲ್ಲು ಮತ್ತೆ ಕಲ್ಲಾದಾಗ ಸಾಲ ಪೂರ್ತಿ ತೀರುತ್ತದೆ. ಈ ಸಾಲಕ್ಕೆ ಬಡ್ಡಿಯೂ ಇಲ್ಲ, ಮನ್ನಾವೂ ಇಲ್ಲ.

ಇದನ್ನು ನಿಯಮವಾಗಿ ಮೊದಲು ಹೇಳಿದವನು ಜರ್ಮೇನ್ ಹೆಸ್. ಜಿನೀವಾದಲ್ಲಿ 1802ರಲ್ಲಿ ಹುಟ್ಟಿ, ರಷ್ಯಾದಲ್ಲಿ ಬೆಳೆದು, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪಾಠ ಹೇಳುತ್ತಿದ್ದವನು. ಯಾವ ದಾರಿಯಲ್ಲಿ ಹೋದರೂ, ಎಷ್ಟು ಮೆಟ್ಟಿಲಲ್ಲಿ ಹೋದರೂ, ಹೊರಟ ಊರು ಮತ್ತು ತಲುಪಿದ ಊರು ಒಂದೇ ಆಗಿದ್ದರೆ ಒಟ್ಟು ಶಾಖ ಒಂದೇ ಎಂದು ಅವನು 1840ರಲ್ಲಿ ಹೇಳಿದ. ಶಕ್ತಿ ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ ಎಂಬ ದೊಡ್ಡ ಮಾತನ್ನು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಬಿಡಿಸಿ ಬರೆದದ್ದು 1847ರಲ್ಲಿ. ಅದಕ್ಕಿಂತ ಏಳು ವರ್ಷ ಮುಂಚೆಯೇ ಒಬ್ಬ ಮೇಷ್ಟ್ರು ಆಮ್ಲ, ಕ್ಷಾರ ಬೆರೆಸಿ ಬಿಸಿ ಅಳೆಯುತ್ತಾ ಕೂತು ಈ ಜಮಾಖರ್ಚನ್ನು ಕಂಡುಕೊಂಡಿದ್ದ ಎನ್ನುವುದು ನನಗೆ ಬಹಳ ದೊಡ್ಡ ವಿಷಯ.

ಗೋಡೆ ಬಿಸಿಯಾದದ್ದನ್ನು ಯಾರೂ ಮುಟ್ಟಿ ನೋಡಿಲ್ಲ ಯಾಕೆ? ಒಂದು, ಅದು ಬಹಳ ನಿಧಾನ. ಬಾನಿಯಲ್ಲಿ ಹತ್ತು ನಿಮಿಷದಲ್ಲಿ ಬಂದದ್ದು ಇಲ್ಲಿ ದಿನಗಟ್ಟಲೆ, ತಿಂಗಳುಗಟ್ಟಲೆ ಹನಿ ಹನಿಯಾಗಿ ಬರುತ್ತದೆ. ಗಾಳಿಯಲ್ಲಿ ಆ ಅನಿಲ ಇರುವುದೇ ಹತ್ತು ಸಾವಿರಕ್ಕೆ ನಾಲ್ಕು ಪಾಲು. ಇನ್ನೊಂದು, ಹಸಿ ಗೋಡೆಯ ನೀರು ಆರುತ್ತಾ ಆರುತ್ತಾ ಇದಕ್ಕಿಂತ ಎಷ್ಟೋ ಜಾಸ್ತಿ ಶಾಖ ಒಯ್ಯುತ್ತದೆ. ಅದಕ್ಕೇ ಹೊಸದಾಗಿ ಸುಣ್ಣ ಹೊಡೆದ ಕೋಣೆ ತಂಪು. ಒಳಗೆ ಬಿಸಿ ಬರುತ್ತಿದೆ, ಕೈಗೆ ಮಾತ್ರ ತಂಪು ಸಿಗುತ್ತದೆ.

ಸುಣ್ಣ ಬಳಿದ ಪದರ ತೆಳು, ಬೇಗ ಮುಗಿಯುತ್ತದೆ. ಗಾರೆ ಹಾಗಲ್ಲ. ಸುಣ್ಣ, ಮರಳು ಗಾಣದಲ್ಲಿ ಅರೆದು, ಅಳಲೆಕಾಯಿ, ಬೆಲ್ಲದ ನೀರು ಸೇರಿಸಿ ಕಲ್ಲುಗಳ ನಡುವೆ ತುಂಬಿದ ಗಾರೆಗೆ ಗಾಳಿ ಹೊರಗಿನಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಒಳಗೆ ಇಳಿಯಬೇಕು. ಹೊರಗಡೆ ಕಲ್ಲಾದಷ್ಟೂ ಒಳಗೆ ಹೋಗುವ ದಾರಿ ಇಕ್ಕಟ್ಟು. ದಪ್ಪ ಗೋಡೆಗಳ ಒಡಲಲ್ಲಿ ತಲೆಮಾರುಗಳು ಕಳೆದರೂ ಅರಳಿದ ಸುಣ್ಣ ಹಾಗೇ ಉಳಿದಿರುವುದನ್ನು ಹಳೇ ಕಟ್ಟಡ ರಿಪೇರಿ ಮಾಡುವವರು ಕಂಡಿದ್ದಾರೆ.

ಇದನ್ನು ಓದಿದ್ದೇ ನನಗೆ ನಮ್ಮ ಹಿಂದಿನ ಗೋಡೆ ನೆನಪಾಯಿತು. ಅದು ಎರಡು ಅಡಿ ದಪ್ಪ. ದೀಪಾವಳಿಗೆ ಹೋದಾಗ ಮೇಸ್ತ್ರಿ ಬಚ್ಚಲ ಪೈಪಿಗೆಂದು ಆ ಗೋಡೆಗೆ ತೂತು ಕೊರೆಯುವವರಿದ್ದರು. ಮಗಳು ಸ್ಕೂಲಿನ ಲ್ಯಾಬಿನಲ್ಲಿ ಕೇಳಿ ಫಿನಾಫ್ತಲೀನ್ ದ್ರಾವಣವನ್ನು ಒಂದು ಪುಟ್ಟ ಡ್ರಾಪರ್ ಬಾಟಲಿಯಲ್ಲಿ ತಂದಿದ್ದಳು. ಅರಳಿದ ಸುಣ್ಣ ಇನ್ನೂ ಇದ್ದರೆ ಅದು ಗುಲಾಬಿ ಬಣ್ಣ ಕೊಡುತ್ತದೆ, ಕಲ್ಲಾಗಿದ್ದರೆ ನೀರಿನ ಹಾಗೇ ಉಳಿಯುತ್ತದೆ.

ಉಳಿಯ ಪೆಟ್ಟಿಗೆ ಮೊದಲು ಹೊರಗಿನ ಗಾರೆ ಉದುರಿತು. ಮಗಳು ಹನಿ ಬಿಟ್ಟಳು. ಏನೂ ಇಲ್ಲ. ಅರ್ಧ ಅಡಿ ಒಳಗಿನ ಚೂರು. ಏನೂ ಇಲ್ಲ. ಅವಳ ಮುಖ ಸಪ್ಪಗಾಯಿತು. ಮೇಸ್ತ್ರಿ ಒಂದು ಕಲ್ಲು ಸಡಿಲಿಸಿ, ಅದರ ಹಿಂದಿನಿಂದ ಅಂಗೈ ಅಗಲದ ಗಾರೆಯ ಹೆಂಟೆಯೊಂದನ್ನು ಎತ್ತಿ ಕೊಟ್ಟರು. ಹೊಸದಾಗಿ ಮುರಿದ ಮೈ, ಸ್ವಲ್ಪ ತಣ್ಣಗೆ, ಹಸಿ ಮಣ್ಣಿನ ವಾಸನೆ. ಮಗಳು ಮೂರು ಹನಿ ಬಿಟ್ಟಳು. ಅಂಚಿನಲ್ಲಿ ಬಿದ್ದ ಹನಿ ಹಾಗೇ ಇಂಗಿತು. ನಡುವೆ ಬಿದ್ದ ಹನಿ ಮೊದಲು ಮಸುಕಾಗಿ, ಆಮೇಲೆ ಕಣಗಿಲೆ ಹೂವಿನ ಬಣ್ಣಕ್ಕೆ ತಿರುಗಿತು.

"ಅಮ್ಮ, ಅಂದ್ರೆ ಇದು ಇನ್ನೂ ಮುಗಿದಿಲ್ವಾ?"

ತಾತನ ಅಪ್ಪನ ಕಾಲದಲ್ಲಿ ಯಾವುದೋ ಗೂಡಿಗೆ ಹಾಕಿದ ಇದ್ದಿಲು. ಅದರ ಬಿಸಿಯಲ್ಲಿ ಒಂದು ಪಾಲು ನಮ್ಮ ಗೋಡೆಯಿಂದ ಇನ್ನೂ ಹೊರಗೆ ಬರಬೇಕಾಗಿತ್ತು. ಮೇಸ್ತ್ರಿ ಬಗ್ಗಿ ನೋಡಿದರು, ಬೆರಳಿನಿಂದ ಆ ಗುಲಾಬಿ ಜಾಗ ಸವರಿದರು. "ಪೈಪ್ ಕೂರಿಸಿ ಸಿಮೆಂಟ್ ಮೆತ್ತಿಬಿಡ್ಲಾ ಅಕ್ಕ?" ಎಂದು ಕೇಳಿದರು.

ಬೇಡ, ಸುಣ್ಣದ ಗಾರೆಯನ್ನೇ ಕಲಸಿ ಎಂದೆ. ಆ ಹೆಂಟೆಯನ್ನು ಮಗಳು ಎರಡೂ ಕೈಯಲ್ಲಿ ಹಿಡಿದು ಇದ್ದ ಜಾಗಕ್ಕೇ ಇಟ್ಟಳು. ಮೇಸ್ತ್ರಿ ಅದರ ಮುಂದೆ ಕಲ್ಲು ಕೂರಿಸಿದರು.